ತೈನಾ ಕಿರುಚಿದ್ದು ಯಾಕೆ

"ಒಂದೇ ಒಂದು ಸಲ ಕಿರುಚಿಬಿಡ್ತೀರಾ? ಸಣ್ಣದಾಗಿ ಆದ್ರೂ ಪರವಾಗಿಲ್ಲ" ಎಂದು ಜರ್ಮನಿಯಿಂದ ಬಂದ ಗಂಡ ಹೆಂಡತಿ ಕೇಳಿದಾಗ ತೈನಾ ಪೆಲ್ಕೊನೆನ್ ಎರಡೂ ಕೈಯಲ್ಲಿ ಬಿಸಿ ಮೀನುರೊಟ್ಟಿ ಹಿಡಿದುಕೊಂಡು ನಿಂತಿದ್ದಳು. ಆ ವಾರದಲ್ಲಿ ಹಾಗೆ ಕೇಳಿಕೊಂಡು ಬಂದವರಲ್ಲಿ ಅವರು ನಾಲ್ಕನೆಯವರು.

"ಇದು ರೊಟ್ಟಿ ಅಂಗಡಿ. ರೊಟ್ಟಿ ಬೇಕಾದ್ರೆ ಕೊಡ್ತೀನಿ" ಎಂದಳು ತೈನಾ.

ಅವರಿಗೆ ರೊಟ್ಟಿ ಬೇಡವಾಗಿತ್ತು. ಅವಳ ಸಿಡುಕು ಮುಖದ್ದೇ ಒಂದು ಫೋಟೊ ತೆಗೆದುಕೊಂಡು, ಅದೇ ದೊಡ್ಡ ಪ್ರಸಾದ ಸಿಕ್ಕಿದಂತೆ ಹಿಗ್ಗಿ ಹೊರಟುಹೋದರು. ಪಕ್ಕದಲ್ಲಿ ರೊಟ್ಟಿಗೆ ಕಾಗದ ಸುತ್ತುತ್ತಿದ್ದ ರೈಲಿ ತಲೆ ಎತ್ತಲಿಲ್ಲ. ಕುವೊಪಿಯೊ ಊರಿನ ಆ ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷದಿಂದ ರೊಟ್ಟಿ ಮಾರಿದವಳು ರೈಲಿ. ಬಾಯಿ ಬಲು ಚುರುಕು.

"ಬೋರ್ಡ್ ಬರೆಸೋಣ ಕಣೇ. ಎರಡು ರೊಟ್ಟಿ ತಗೊಂಡ್ರೆ ಒಂದು ಕಿರುಚು ಉಚಿತ."

"ನಿನ್ನ ಬಾಯಿಗೆ ಮೀನು ತುರುಕ್ತೀನಿ ನೋಡು."

"ತುರುಕು. ನಿನ್ನ ಬದಲು ನಾನೇ ಕಿರುಚ್ತೀನಿ."

ಇದೆಲ್ಲ ಶುರುವಾದದ್ದು ಇಪ್ಪತ್ತೈದು ವರ್ಷದ ಹಿಂದೆ. ಆಗ ತೈನಾ ಅಂಗಡಿಯಲ್ಲಿ ಮಾರುತ್ತಿರಲಿಲ್ಲ, ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ರೈ ಎಂಬ ಧಾನ್ಯದ ಕಪ್ಪು ಹಿಟ್ಟನ್ನು ತಟ್ಟಿ, ಒಳಗೆ ಬೆರಳುದ್ದದ ಮೀನುಗಳನ್ನೂ ಹಂದಿಯ ಕೊಬ್ಬನ್ನೂ ಒತ್ತಾಗಿ ಜೋಡಿಸಿ, ಸುತ್ತ ಮುಚ್ಚಿ ಒಲೆಗೆ ಸೇರಿಸುವ ಕೆಲಸ. ಊರು ಏಳುವ ಮೊದಲೇ ಹೋಗಿ ಊರು ಊಟಕ್ಕೆ ಕೂರುವ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಅವಳಿಗೆ ರಾತ್ರಿ ಎಂದರೆ ಮಧ್ಯಾಹ್ನವೇ. ಕಿಟಕಿಗೆ ಕಂಬಳಿ ಕಟ್ಟಿ, ಉಣ್ಣೆಯ ಕಾಲುಚೀಲ ಏರಿಸಿ ಮಲಗಿದರೆ ಸಂಜೆಯವರೆಗೆ ಏಳಬಾರದು.

ಆ ವರ್ಷ ಅವಳ ಮನೆಯ ಕೆಳಗಿನ ಕೋಣೆಗೆ ಮೂವರು ವಿದ್ಯಾರ್ಥಿಗಳು ಬಾಡಿಗೆಗೆ ಬಂದರು. ಕಂಪ್ಯೂಟರಿನಲ್ಲಿ ಆಡುವ ಹಾರರ್ ಆಟವೊಂದನ್ನು ಕಟ್ಟುತ್ತಿದ್ದರು. ಹೆಸರು 'ಕರಿಕೊಲ್ಲಿ'. ಸರೋವರದ ಹೆಪ್ಪುಗಟ್ಟಿದ ನೀರಿನ ಕೆಳಗಿಂದ ಸತ್ತ ಹೆಂಗಸೊಬ್ಬಳು ಎದ್ದು ಬರುವ ಕಥೆ. ಕಥೆಗೆ ಸದ್ದು ಬೇಕಲ್ಲ? ಮಧ್ಯಾಹ್ನದ ಹೊತ್ತು ಮೆಟ್ಟಿಲ ಮೇಲೆ ಸರಪಳಿ ಎಳೆಯುವರು, ತಗಡು ಬಡಿಯುವರು, ಹಳೆಯ ಬಾಗಿಲನ್ನು ನೂರು ಸಲ ಕಿರ್ರೆನ್ನಿಸುವರು. ತೈನಾ ಮೊದಲು ನೆಲ ಕುಟ್ಟಿದಳು. ಆಮೇಲೆ ಚೀಟಿ ಬರೆದು ಬಾಗಿಲಿಗೆ ಅಂಟಿಸಿದಳು. ಜೋರುದನಿಯಲ್ಲಿ ಮಾತಾಡುವುದೆಂದರೆ ಅವಳಿಗೆ ನಾಚಿಕೆ. ಎಂಟನೆಯ ದಿನ, ನೆಗಡಿ ಬೇರೆ ಹಿಡಿದಿತ್ತು, ರಾತ್ರಿಯುಡುಪಿನಲ್ಲೇ ಇಳಿದುಹೋಗಿ ಅವರ ಬಾಗಿಲು ತಳ್ಳಿದಳು. ಏನು ಹೇಳಬೇಕೆಂದು ಮೆಟ್ಟಿಲುದ್ದಕ್ಕೂ ವಾಕ್ಯ ಕಟ್ಟಿಕೊಂಡೇ ಬಂದಿದ್ದಳು. ಬಾಯಿ ತೆರೆದರೆ ಒಂದು ಮಾತೂ ಬರಲಿಲ್ಲ. ಬರೀ ಕೂಗು ಬಂತು. ಎಷ್ಟೋ ದಿನದಿಂದ ಒಲೆಯ ಮೇಲೆ ಕುದಿದದ್ದು ಮುಚ್ಚಳ ಹಾರಿಸಿದ ಹಾಗೆ.

ಮೈಕು ಚಾಲೂ ಇತ್ತು.

ಹುಡುಗರು ಹೆದರಿ ಬೆವೆತುಹೋದರು. ಕ್ಷಮೆ ಕೇಳಿ, ಮರುದಿನ ಒಂದು ಪೊಟ್ಟಣ ಕಾಫಿಪುಡಿ ತಂದುಕೊಟ್ಟರು. ಕೆಲವು ತಿಂಗಳಾದ ಮೇಲೆ ಅವರಲ್ಲೊಬ್ಬ, ಯಾರ್ಮೊ ಎಂಬ ಸಣಕಲ ಹುಡುಗ, ಆ ಕೂಗನ್ನು ಆಟದಲ್ಲಿ ಬಳಸಲೇ ಎಂದು ಕೇಳಿದ. "ಏನಾದ್ರೂ ಮಾಡ್ಕೊಳ್ಳಿ, ಮಲಗೋಕೆ ಬಿಡಿ" ಎಂದು ತೈನಾ ಸಹಿ ಹಾಕಿದಳು. ಅಲ್ಲಿಗೆ ಮರೆತಳು.

ಆದರೆ ಲೋಕ ಮರೆಯಲಿಲ್ಲ. 'ಕರಿಕೊಲ್ಲಿ' ಆಡಿದವರೆಲ್ಲ ಆ ಮೂರು ಸೆಕೆಂಡಿನ ಕೂಗಿಗೆ ಕುರ್ಚಿಯಿಂದ ಬಿದ್ದರಂತೆ. ಇಷ್ಟು ನಿಜವಾದ ಭಯವನ್ನು ಯಾವ ನಟಿಯೂ ಕಿರುಚಿಲ್ಲ ಎಂದು ಬರೆದರು. ಎರಡು ವರ್ಷದ ಹಿಂದೆ ಯಾರ್ಮೊ ಒಂದು ಸಂದರ್ಶನದಲ್ಲಿ, ಆ ಕೂಗು ನಮ್ಮ ಮೇಲಿನ ಮನೆಯಲ್ಲಿದ್ದ ತೈನಾ ಪೆಲ್ಕೊನೆನ್ ಅವರದು ಎಂದು ಬಾಯಿ ಬಿಟ್ಟ. ಮುಗಿಯಿತು. ಅವರ ಭಾಷೆಯಲ್ಲಿ ಪೆಲ್ಕೊ ಎಂದರೆ ಭಯ. ಅವಳ ಮನೆತನದ ಹೆಸರಲ್ಲೇ ಭಯ ಕೂತಿದೆ ಎಂದು ಅಭಿಮಾನಿಗಳು ಕುಣಿದಾಡಿದರು. ತಾನೇ ಮೊದಲು ಕಂಡುಹಿಡಿದೆ ಎಂಬಂತೆ ಪ್ರತಿಯೊಬ್ಬನೂ ಬಂದು ಅದನ್ನು ಅವಳಿಗೇ ಹೇಳುವನು. ಪ್ರತಿ ಸಲವೂ ಅವಳು, "ಹೌದಾ, ಗೊತ್ತೇ ಇರ್ಲಿಲ್ಲ" ಎನ್ನುವಳು.

ಈ ಸೆಪ್ಟೆಂಬರಿನಲ್ಲಿ ಯಾರ್ಮೊ ಮತ್ತೆ ಬಂದ. ಈಗ ತಲೆ ಬೋಳಾಗಿ ಹೊಟ್ಟೆ ಬಂದಿತ್ತು. ಆಟವನ್ನು ಹೊಸದಾಗಿ ಕಟ್ಟುತ್ತಿದ್ದಾರೆ, ಹಳೆಯ ಕೂಗಿನಲ್ಲಿ ಕರಕರ ಸದ್ದು ಇದೆ, ಇನ್ನೊಮ್ಮೆ ಕೂಗಿ ಕೊಡಬೇಕು ಎಂದ.

"ಕೊಟ್ರೆ ಇವರೆಲ್ಲ ಅಂಗಡಿಗೆ ಬರೋದು ನಿಲ್ಲಿಸ್ತಾರಾ?" ಎಂದು ತೈನಾ ಕೇಳಿದಳು.

"ಖಂಡಿತ" ಎಂದ ಯಾರ್ಮೊ. ಸುಳ್ಳು ಹೇಳುವಾಗ ಅವನು ಈಗಲೂ ಕಿವಿ ತುರಿಸಿಕೊಳ್ಳುತ್ತಿದ್ದ.

ಸ್ಟುಡಿಯೊದಲ್ಲಿ ಹನ್ನೊಂದು ಸಲ ಕಿರುಚಿದಳು. ಮೊದಲನೆಯದು ಬಸ್ಸು ತಪ್ಪಿಸಿಕೊಂಡವಳ ಕೂಗಿನಂತಿತ್ತು. ಐದನೆಯದಕ್ಕೆ ಕೆಮ್ಮು ಬಂತು. ಗಾಜಿನ ಆಚೆಯಿಂದ ಯಾರ್ಮೊ, "ಜೀವನದಲ್ಲಿ ತುಂಬಾ ಹೆದರಿದ್ದು ಯಾವಾಗ, ಅದನ್ನ ನೆನೆಸ್ಕೊಳ್ಳಿ" ಎಂದ.

"ನಾನು ಆವತ್ತು ಹೆದರಿರ್ಲಿಲ್ಲ ಕಣಯ್ಯಾ. ನಿಮ್ಮ ಮೂವರ ಕುತ್ತಿಗೆ ಹಿಸುಕ್ಬೇಕು ಅನ್ನಿಸಿತ್ತು."

"ಹಾಗಾದ್ರೆ ಅದನ್ನೇ ನೆನೆಸ್ಕೊಳ್ಳಿ."

"ಈಗ ನಿನ್ನ ಕುತ್ತಿಗೆ ದಪ್ಪ ಆಗಿದೆ" ಎಂದು ತೈನಾ ಕಿವಿಗೆ ಹಾಕಿದ್ದ ಹೆಡ್‌ಫೋನು ಕಳಚಿ ಇಟ್ಟು ಕೋಟು ಹಾಕಿಕೊಂಡಳು.

ಇಷ್ಟಕ್ಕೇ ನಿಂತಿದ್ದರೆ ಅವಳು ಹೇಗೋ ಸಹಿಸುತ್ತಿದ್ದಳೇನೋ. ಅಕ್ಟೋಬರಿನ ಒಂದು ಭಾನುವಾರ ದೂರದ ಇಸಾಲ್ಮಿ ಊರಿನಿಂದ ತಂಗಿ ಅನ್ನಿಕ್ಕಿ ಫೋನು ಮಾಡಿದಳು. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ಗಂಟಲು ಅವಳದು.

"ತೈನಾ, ನಾನು ನೀರಲ್ಲಿ ಮುಳುಗಿ ಸತ್ತು ಎಷ್ಟು ವರ್ಷ ಆಯ್ತು ಹೇಳು?"

"ಏನೇ ಅದು? ಕುಡಿದಿದೀಯಾ?"

"ಇಲ್ವೇ. ಸೊಸೆ ವಿಡಿಯೊ ತೋರಿಸಿದ್ಲು. ನಾನು ಚಿಕ್ಕೋಳಿದ್ದಾಗ್ಲೇ ಮಂಜುಗಡ್ಡೆ ಒಡೆದು ಕಲ್ಲವೆಸಿ ಸರೋವರಕ್ಕೆ ಬಿದ್ದುಬಿಟ್ಟೆನಂತೆ. ಅದನ್ನ ನೆನೆಸ್ಕೊಂಡೇ ನೀನು ಹಾಗೆ ಕಿರುಚಿದ್ದಂತೆ. ದಡದಲ್ಲಿ ನನಗೆ ದೀಪ ಹಚ್ಚಿದಾರೆ ಕಣೇ. ಇಪ್ಪತ್ತಕ್ಕೂ ಹೆಚ್ಚಿವೆ."

ತೈನಾ ಸೈಕಲ್ಲು ಹತ್ತಿ ಸರೋವರದ ದಡದ ಉದ್ಯಾನಕ್ಕೆ ಹೋಗಿ ನೋಡಿದಳು. ನಿಜ. ಸಮಾಧಿಯ ಮೇಲೆ ಇಡುವ ಬಿಳಿ ಮೇಣದ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಒಂದು ರಟ್ಟಿನ ಮೇಲೆ, 'ಅನ್ನಿಕ್ಕಿ, ನಿನ್ನ ಕೂಗು ಕೇಳಿಸುತ್ತಿದೆ' ಎಂದು ಬರೆದಿತ್ತು. ಇಸಾಲ್ಮಿಯಿಂದ ಕೇಳಿಸಿದರೂ ಕೇಳಿಸೀತು ಎಂದುಕೊಂಡು ತೈನಾ ಹಲ್ಲು ಕಚ್ಚಿದಳು.

ಕೆದಕಿದಾಗ ಗೊತ್ತಾಯಿತು. ಓಟ್ಸೊ ಎಂಬ ಗಡ್ಡದ ಯುವಕನ ಕೆಲಸ ಅದು. ಆ ಮೂರು ಸೆಕೆಂಡಿನ ಕೂಗಿನ ಬಗ್ಗೆ ಅವನು ನಾಲ್ಕು ಗಂಟೆಯ ವಿಡಿಯೊ ಮಾಡಿದ್ದ. ತೈನಾಳ ಹಳೆಯ ನೆರೆಮನೆಯ ಮುದುಕನನ್ನು ಹುಡುಕಿ, ಅವಳ ಸಂಸಾರದಲ್ಲಿ ಯಾರ್ಯಾರಿದ್ದರು ಎಂದು ಕೇಳಿದ್ದ. ಮುದುಕ ಸುಮ್ಮನೆ, "ಒಬ್ಬಳು ತಂಗಿ ಇದ್ದಳು, ಅನ್ನಿಕ್ಕಿ ಅಂತ" ಎಂದಿದ್ದ. ಅಲ್ಲಿಂದ ಮುಂದಿನದ್ದನ್ನು ಓಟ್ಸೊ ತಾನೇ ಮುಳುಗಿಸಿದ್ದ.

ನವೆಂಬರಿನಲ್ಲಿ ಊರ ಸಭಾಭವನದಲ್ಲಿ ಹಾರರ್ ಅಭಿಮಾನಿಗಳ ಕೂಟ ಇತ್ತು. ತೈನಾಳನ್ನು ಮೂರು ಸಲ ಕರೆದಿದ್ದರು, ಮೂರು ಸಲವೂ ಆಗದೆಂದಿದ್ದಳು. ಈಗ ತಾನಾಗಿ ಫೋನು ಮಾಡಿ ಬರುತ್ತೇನೆಂದಳು. ತಂಗಿಯನ್ನೂ ಕರೆಸಿಕೊಂಡಳು.

ಶನಿವಾರ ಮಧ್ಯಾಹ್ನ ಅಕ್ಕತಂಗಿಯರು ಹೋದಾಗ ಬಾಗಿಲಲ್ಲೇ ತಲೆಯಲ್ಲಿ ಕೊಡಲಿ ನಾಟಿಕೊಂಡವನೊಬ್ಬ ಕಾಫಿಯ ಸಾಲಿನಲ್ಲಿ ಸಭ್ಯನಾಗಿ ನಿಂತಿದ್ದ. "ಮುಂದೆ ಹೋಗಿ ಹೋಗಿ, ನನಗೆ ಅವಸರ ಇಲ್ಲ" ಎಂದು ಜಾಗ ಬಿಟ್ಟ. ಒಂದು ಮೇಜಿನ ಸುತ್ತ, ಸತ್ತವರು ಎದ್ದು ಬಂದರೆ ನಿಧಾನವಾಗಿ ನಡೆಯಬೇಕೋ ಓಡಬೇಕೋ ಎಂದು ದೊಡ್ಡ ಜಗಳ ನಡೆದಿತ್ತು. ಮೂಲೆಯಲ್ಲಿ ಹಳೆಯ ದೆವ್ವದ ಪುಸ್ತಕ ಮಾರುತ್ತಿದ್ದ ಅಜ್ಜಿಯೊಬ್ಬಳು ಪ್ರತಿ ಪುಸ್ತಕಕ್ಕೂ, "ಇದನ್ನ ಓದಿ ನನ್ನ ಗಂಡ ಒಂದು ವಾರ ಒಬ್ನೇ ಸೌನಾ ಉಗಿಸ್ನಾನಕ್ಕೆ ಹೋಗ್ಲಿಲ್ಲ" ಎನ್ನುತ್ತಿದ್ದಳು. ಮುಖಕ್ಕೆ ಕೆಂಪು ಬಳಿದುಕೊಂಡವರೆಲ್ಲ ಇಷ್ಟೊಂದು ಮೆದುಮಾತಿನವರಾಗಿರುವುದು ತೈನಾಳಿಗೆ ಇನ್ನಷ್ಟು ರೇಗುವಂತೆ ಮಾಡಿತು. ಬೈಯುವುದಕ್ಕೂ ಹಿಡಿ ಸಿಗುತ್ತಿರಲಿಲ್ಲ.

ವೇದಿಕೆಯ ಮೇಲೆ ಅವಳು ನಡೆದದ್ದನ್ನೆಲ್ಲ ಹೇಳಿದಳು. ಬೇಕರಿ, ನಿದ್ದೆ, ಸರಪಳಿ, ಎಂಟು ದಿನ. "ಭಯ ಇಲ್ಲ, ಸರೋವರ ಇಲ್ಲ. ಸಿಟ್ಟು, ಅಷ್ಟೇ" ಎಂದು ಮುಗಿಸಿದಳು. ಪಕ್ಕದ ಕುರ್ಚಿಯಲ್ಲಿದ್ದ ಓಟ್ಸೊ ಮೃದುವಾಗಿ ಮೈಕು ಎತ್ತಿಕೊಂಡ.

"ನೀವು ಹಾಗಂದ್ಕೊಂಡಿದೀರಿ, ತಪ್ಪಿಲ್ಲ. ಆದ್ರೆ ಎರಡನೇ ಸೆಕೆಂಡ್ ಆದ್ಮೇಲೆ ದನಿ ಒಡೆಯುತ್ತೆ, ಗಮನಿಸಿದೀರಾ? ಸಿಟ್ಟು ಹಾಗೆ ಒಡೆಯಲ್ಲ. ಅದು ದುಃಖ. ಒಳಗೆ ಹೂತಿಟ್ಟಿದ್ದು."

"ಅದು ನೆಗಡಿ" ಎಂದಳು ತೈನಾ.

"ಮನಸ್ಸು ಕೆಲವೊಂದನ್ನ ಮರೆಸಿಬಿಡುತ್ತೆ…"

"ಮೂಗು ಕಟ್ಟಿತ್ತು ಮಾರಾಯ!"

ಆಗ ಮೂರನೆಯ ಸಾಲಿನಿಂದ ಅನ್ನಿಕ್ಕಿ ಎದ್ದಳು. ಅವಳಿಗೆ ಮೈಕು ಬೇಕಾಗಲಿಲ್ಲ. "ಮುಳುಗಿದೋಳು ಇಲ್ಲಿದೀನಪ್ಪಾ! ದೀಪಕ್ಕೆ ಥ್ಯಾಂಕ್ಸ್. ಆದ್ರೆ ನನಗೆ ಈಜು ಬರುತ್ತೆ."

ಸಭಾಭವನ ನಕ್ಕು ಹೊರಳಾಡಿತು. ಓಟ್ಸೊನ ಕಿವಿ ಕೆಂಪಾಯಿತು. ಆದರೂ ಬಿಡದೆ, "ನೀವು ಅವರ ತಂಗಿನೇ ಅನ್ನೋದಕ್ಕೆ ಏನಾದ್ರೂ…" ಎಂದು ಶುರುಮಾಡಿದ. ಜನ ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸತ್ತ ತಂಗಿಯ ಜೊತೆ ಫೋಟೊ ತೆಗೆಸಿಕೊಳ್ಳಲು ಆಗಲೇ ಸಾಲು ನಿಂತಿದ್ದರು. ಅನ್ನಿಕ್ಕಿ ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಚಾಚಿ, ಹೆಣದ ಹಾಗೆ ನಿಂತು ಕೊಡುತ್ತಿದ್ದಳು.

"ನೀನು ಯಾರ ಕಡೆಯೋಳೇ?" ಎಂದು ತೈನಾ ಗದರಿದಳು.

"ಇರು, ಇನ್ನೂ ಎಂಟು ಜನ ಇದಾರೆ."

ತೈನಾ ಹೊರಗಿನ ಪಡಸಾಲೆಗೆ ಬಂದು ಕಿಟಕಿಯ ಕೆಳಗೆ ಕುಳಿತಳು. ದಾಲ್ಚಿನ್ನಿಯ ಬನ್ನೊಂದನ್ನು ಕೊಂಡು ಕಚ್ಚದೆ ಕೈಯಲ್ಲೇ ಇಟ್ಟುಕೊಂಡಿದ್ದಳು. ನಿಜ ಹೇಳಿದರೆ ಸಾಕು, ತಲೆನೋವು ಹೋಗುತ್ತದೆ ಎಂದುಕೊಂಡಿದ್ದಳು. ಇವರಿಗೆ ನಿಜವೂ ಒಂದು ಆಟ.

ಮುಖಕ್ಕೆ ಬಣ್ಣಗಿಣ್ಣ ಇಲ್ಲದ, ದಪ್ಪ ಕೆಲಸದ ಜಾಕೀಟು ತೊಟ್ಟ ನಲವತ್ತರ ಹೆಂಗಸೊಬ್ಬಳು ಬಂದು ನಿಂತಳು. ಹೆಸರು ವೀರಾ, ನಗರಸಭೆಯ ಹಿಮ ತಳ್ಳುವ ಗಾಡಿ ಓಡಿಸುತ್ತೇನೆ ಎಂದಳು.

"ಕಿರುಚು ಅಂತ ಕೇಳೋಕೆ ಬಂದ್ರೆ ಹಾಗೇ ಹೋಗಿಬಿಡಮ್ಮ" ಎಂದಳು ತೈನಾ.

"ಇಲ್ಲ. ಸಿಟ್ಟು ಅಂದ್ರಲ್ಲ ನೀವು, ಅದು ನನಗೆ ಗೊತ್ತಿತ್ತು ಅಂತ ಹೇಳೋಣ ಅಂತ ಬಂದೆ." ವೀರಾ ಕೂರಲೋ ಬೇಡವೋ ಎಂದು ನೋಡಿ ಕೂತಳು. "ಹದಿನೈದು ವರ್ಷ ಆಗ ನನಗೆ. ನಮ್ಮನೇಲಿ ಅಪ್ಪ ಒಬ್ಬರೇ ಕೂಗಾಡೋರು. ನಾವ್ಯಾರೂ ಉಸಿರೆತ್ತೋ ಹಾಗಿರ್ಲಿಲ್ಲ. ಆಟದಲ್ಲಿ ದೋಣಿ ನಿಲ್ಲಿಸೋ ಆ ದಡದ ದೋಣಿಮನೆಯ ಬಾಗಿಲು ತೆಗೆದ್ರೆ ನೀವು ಕೂಗ್ತೀರಿ. ನನ್ನ ಸ್ನೇಹಿತರೆಲ್ಲ ಹೆದರಿ ಆ ಬಾಗಿಲ ಹತ್ರಾನೇ ಹೋಗ್ತಿರ್ಲಿಲ್ಲ. ನಾನು ದಿನಾ ಹೋಗಿ ಹೋಗಿ ತೆಗೀತಿದ್ದೆ. ನನ್ನ ಪರವಾಗಿ ಯಾರೋ ಕೂಗ್ತಿದಾರೆ ಅನ್ಸೋದು."

ತೈನಾ ಬನ್ನನ್ನು ಎರಡು ಮಾಡಿ ದೊಡ್ಡ ತುಂಡನ್ನು ಅವಳ ಕೈಗಿಟ್ಟಳು. ಇಬ್ಬರೂ ತಿಂದರು. ಒಳಗೆ ಅನ್ನಿಕ್ಕಿಯ ನಗು ಗೋಡೆ ಅಲುಗಿಸುತ್ತಿತ್ತು.

"ಅಪ್ಪ ಈಗ?" ಎಂದು ತೈನಾ ಕೇಳಿದಳು.

"ಹೋದ್ರು. ಆರು ವರ್ಷ ಆಯ್ತು."

"ಹೂಂ." ತೈನಾ ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡಳು. "ಆ ಬಾಗಿಲ ಹಿಂದೆ ಏನಿದೆ? ನಾನು ನೋಡೇ ಇಲ್ಲ."

ವೀರಾ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದಳು. "ನೀವು ಆಡೇ ಇಲ್ವಾ?"

"ಯಾವಾಗ ಆಡ್ಲಿ? ಬೇಕರಿಗೆ ಹೋಗೋದಿತ್ತಲ್ಲ."

ಸಭಾಭವನದ ಇನ್ನೊಂದು ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದರು. ವೀರಾ ಅವಳನ್ನು ಒಂದರ ಮುಂದೆ ಕೂರಿಸಿ ಯಾವ ಗುಂಡಿಗೆ ಏನೆಂದು ತೋರಿಸಿದಳು. ತೈನಾ ಹತ್ತು ನಿಮಿಷ ಆಟದೊಳಗೆ ಗೋಡೆಗೆ ಮುಖ ಕೊಟ್ಟು ನಡೆದಳು. ದೋಣಿಮನೆ ಸಿಕ್ಕಿತು, ಬಾಗಿಲು ತೆರೆಯಿತು. ಮೂವತ್ತು ವಯಸ್ಸಿನ ತನ್ನದೇ ದನಿ ಮೈಮೇಲೆ ಬಿದ್ದಾಗ ಕುರ್ಚಿಸಮೇತ ಹಿಂದಕ್ಕೆ ಸರಿದಳು. ಆಮೇಲೆ ಮೆಲ್ಲಗೆ, "ಪಾಪ, ಎಷ್ಟು ಸುಸ್ತಾಗಿದಾಳೆ" ಎಂದಳು.

ಕೊನೆಗೆ ಯಾರ್ಮೊ ಹೊಸ ಆಟದಲ್ಲೂ ಹಳೆಯ ಕೂಗನ್ನೇ ಇಟ್ಟ. ಕರಕರ ಸದ್ದನ್ನು ತೊಳೆದು ತೆಗೆದ. ಆ ಸದ್ದಿನಲ್ಲೇ ಜೀವ ಇತ್ತು ಎಂದು ಓಟ್ಸೊ ಇನ್ನೊಂದು ವಿಡಿಯೊ ಮಾಡಿದ, ಈ ಸಲ ಐದು ಗಂಟೆ. ತನ್ನ ತಪ್ಪಿಗೆ ಅದರಲ್ಲಿ ಅರ್ಧ ನಿಮಿಷ ಕ್ಷಮೆ ಕೇಳಿದ್ದಾನೆ ಎಂದು ಅನ್ನಿಕ್ಕಿಯ ಸೊಸೆ ಹೇಳಿದಳಂತೆ. ಅನ್ನಿಕ್ಕಿ ಅಷ್ಟಕ್ಕೇ ತೃಪ್ತಳು. ಬರುವ ವರ್ಷದ ಕೂಟಕ್ಕೆ ಅವಳನ್ನೊಬ್ಬಳನ್ನೇ ಕರೆದಿದ್ದಾರೆ. ಮಾರುಕಟ್ಟೆಗೆ ಜನ ಬರುವುದು ನಿಂತಿಲ್ಲ. ತೈನಾಳ ಸಿಡುಕೂ ನಿಂತಿಲ್ಲ. ರೊಟ್ಟಿ ಕೊಳ್ಳದವರೊಡನೆ ಮಾತಾಡುವುದಿಲ್ಲ ಎಂದು ಮಾತ್ರ ಕಟ್ಟುಮಾಡಿಕೊಂಡಿದ್ದಾಳೆ.

ಭಾನುವಾರ ಮಧ್ಯಾಹ್ನಗಳಲ್ಲಿ ವೀರಾ ಕಂಪ್ಯೂಟರು ಹೊತ್ತು ಬರುತ್ತಾಳೆ. ತೈನಾ ಕಾಫಿ ಕಾಯಿಸುತ್ತಾಳೆ, ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಆಡುತ್ತಾರೆ. ಮೂರು ವಾರದಿಂದ ತೈನಾ ಆಟದ ನೆಲಮಾಳಿಗೆಯಲ್ಲೇ ಸಿಕ್ಕಿಕೊಂಡಿದ್ದಾಳೆ. ವೀರಾಳಿಗೆ ದಾರಿ ಹೇಳಿಕೊಡಲು ಬಿಡುವುದಿಲ್ಲ. ಪರದೆಯೊಳಗಿನ ಹುಡುಗಿ ಕತ್ತಲಲ್ಲಿ ತಡವರಿಸುತ್ತಾ ಇಳಿಯುವಾಗಲೆಲ್ಲ ಕನ್ನಡಕ ಮೇಲೆ ಸರಿಸಿ, "ಇಷ್ಟು ಕತ್ತಲಲ್ಲಿ ಯಾರಾದ್ರೂ ದೀಪ ಹಾಕದೆ ಕೆಳಗಿಳೀತಾರೇನೇ? ಬುದ್ಧಿ ಇದೆಯಾ ಇವಳಿಗೆ?" ಎಂದು ಬೈಯುತ್ತಾ ಅವಳನ್ನು ಇನ್ನೊಂದು ಮೆಟ್ಟಿಲು ಇಳಿಸುತ್ತಾಳೆ.