ಮದುವೆ ಮುಗಿಯುವವರೆಗಿನ ಸೂಜಿ

ಮಾಲೂರು ಸ್ಟೇಷನ್ನಿನಲ್ಲಿ ಇಳಿದು ಮನೆಗೆ ನಡೆಯುವಾಗ ಇವತ್ತು ಯಾರದೋ ಅಡುಗೆಮನೆಯಿಂದ ಬಸ್ಸಾರಿನ ಒಗ್ಗರಣೆಯ ವಾಸನೆ ಬಂತು. ಹಸಿವಾಯಿತು, ಮನೆಗೆ ಬಂದು ಉಂಡೆ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಉಣ್ಣುವಾಗ ಶಾರದಕ್ಕ ನೆನಪಾದಳು, ಜೊತೆಗೆ ಕೋಪವೂ ಬಂತು. ಅದನ್ನು ನಿಮ್ಮ ಮುಂದೆ ಸ್ವಲ್ಪ ಇಳಿಸುತ್ತೇನೆ, ಬೇಸರಪಡಬೇಡಿ.

ಶಾರದಕ್ಕ ನನ್ನ ಒಡಹುಟ್ಟಿದ ಅಕ್ಕ. ಹೋಳೂರಿಗೆ ಕೊಟ್ಟಿದೆ, ಭಾವನದು ಅಲ್ಲೇ ಗೊಬ್ಬರದ ಅಂಗಡಿ. ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದೇ ತಟ್ಟೆಗೆ ಕೈ ಹಾಕಿ ಬೆಳೆದವರು. ನಿಜ ಹೇಳಬೇಕೆಂದರೆ ನಾನೇ ನಾಲ್ಕು ತುತ್ತು ಹೆಚ್ಚು ತಿನ್ನುತ್ತಿದ್ದೆ. ಆದರೂ ನಾನು ಕಡ್ಡಿಯಾಗಿಯೇ ಉಳಿದೆ, ಅವಳು ದಪ್ಪಗಾದಳು. ನೆಂಟರ ಮನೆಯಲ್ಲಿ ನನಗೆ ‘ಪಾಪ, ತಿನ್ನು’ ಎಂದು ಇನ್ನೊಂದು ಮುದ್ದೆ. ಅವಳಿಗೆ ಅದೇ ಮುದ್ದೆ, ಜೊತೆಗೊಂದು ನಗೆ. ತಿಂದರೆ ಹೊಟ್ಟೆಬಾಕಿ, ಬೇಡವೆಂದರೆ ಬಿಂಕ. ಅವಳ ಅತ್ತೆಯಂತೂ ‘ಇಂಕೊಂಚೆಂ ತಿನಮ್ಮಾ’ ಎಂದು ತೆಲುಗಿನಲ್ಲಿ ಅಕ್ಕರೆಯಿಂದ ಬಡಿಸಿ, ಪಕ್ಕದ ಮನೆಯವರಿಗೆ ಕನ್ನಡದಲ್ಲಿ ಸೊಸೆಯ ಸೊಂಟದ ವರ್ಣನೆ ಮಾಡುತ್ತಿದ್ದರು.

ಮಂಡಿ ಸೋತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವಂತಾದ ಮೇಲೆ ಕೋಲಾರದ ಡಾಕ್ಟರ ಹತ್ತಿರ ಹೋದಳು. ಅವರು ಮೊದಲು ಆಪರೇಷನ್ ಮಾತೆತ್ತಿದರು; ಜಠರವನ್ನು ಕತ್ತರಿಸಿ ಚಿಕ್ಕದು ಮಾಡುವುದಂತೆ. ಇವಳು ಮಲಗಿಬಿಟ್ಟರೆ ಬೇಯಿಸಿ ಹಾಕುವವರು ಯಾರು ಎಂದು ಭಾವ ಕೇಳಿದರು. ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ಡಾಕ್ಟರು ಹಸಿವು ತಗ್ಗಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೂಜಿ ಬರೆದುಕೊಟ್ಟರು. ಬಿಪಿ ಮಾತ್ರೆಯ ಹಾಗೆ ಇದನ್ನೂ ಮುಂದುವರಿಸಬೇಕು, ಬಿಟ್ಟರೆ ತೂಕ ವಾಪಸ್ಸು ಬರುತ್ತದೆ ಎಂದು ಬಿಡಿಸಿಯೇ ಹೇಳಿದರು. ಭಾವ ತಕ್ಷಣ ಒಪ್ಪಿದರು. ಮಗಳ ಮದುವೆ ಗೊತ್ತಾಗಿತ್ತು. ಮುಳಬಾಗಿಲಿನ ಬೀಗರು ಸ್ವಲ್ಪ ಠೀವಿಯ ಜನ.

ಮೊದಮೊದಲು ವಾಕರಿಕೆ, ವಾಂತಿ. ಆಮೇಲೆ ಹೊಂದಿಕೊಂಡಿತು, ಮೈ ಇಳಿದು ಸೀರೆಯ ನೆರಿಗೆ ಹೆಚ್ಚಾಯಿತು. ಒಂದು ದಿನ ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಅಕ್ಕ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ಮೊದ್ಲೆಲ್ಲ ಬೇಳೆ ಹಿತಕ್ತಾ ಇದ್ರೆ ತಲೆ ತುಂಬಾ ಸಾರೇ ಕುದೀತಿತ್ತು ಕಣೇ. ತಿಂದ್ರೂ ಅದೇ ಯೋಚ್ನೆ, ತಿನ್ದೇ ಇದ್ರೂ ಅದೇ. ಈಗ ಕೈಯಲ್ಲಿರೋದು ಬರೀ ಬೇಳೆ. ನಿಂಗೆ ಯಾವಾಗ್ಲೂ ಹಿಂಗೇ ಇರುತ್ತಾ?”

ಹೌದೆಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಹೊಟ್ಟೆಕಿಚ್ಚಿತ್ತು. ಜನ ಮೆಚ್ಚುತ್ತಿದ್ದ ನನ್ನ ಬಾಯಿಯ ಹತೋಟಿ ಹುಟ್ಟುತ್ತಲೇ ಬಂದದ್ದು, ನಾನೇನೂ ಬೆವರು ಸುರಿಸಿರಲಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ಮದುವೆಯಲ್ಲಿ ಬೀಗರ ಕಡೆಯವರು ಅಕ್ಕನನ್ನು ಹುಡುಗಿಯ ಚಿಕ್ಕಮ್ಮನೆಂದುಕೊಂಡರಂತೆ. ಭಾವ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಶಾಮಿಯಾನ ಬಿಚ್ಚಿದ ವಾರವೇ ಸೂಜಿ ತರಿಸುವುದನ್ನೂ ನಿಲ್ಲಿಸಿದರು. ಮದುವೆ ಮುಗಿಯಿತಲ್ಲ, ಇನ್ನೇಕೆ ಎಂಬುದು ಅವರ ಲೆಕ್ಕ. ದಿನಾ ಬೆಳಗ್ಗೆ ನೀವು ಬಿಪಿ ಮಾತ್ರೆ ನುಂಗುತ್ತೀರಲ್ಲ, ಅದನ್ನು ನಿಲ್ಲಿಸಿದ್ದೀರಾ ಎಂದು ಅಕ್ಕ ನನ್ನೆದುರಿಗೇ ಕೇಳಿದಳು. ಭಾವ ನಕ್ಕರು.

“ಬಿಪಿ ಕಾಯ್ಲೆ ಕಣೇ. ಇದು ನಿನ್ ಬಾಯಿ.”

ಡಾಕ್ಟರು ಹೇಳಿದಂತೆಯೇ ಆಯಿತು. ಮೊದಲು ಹಸಿವು ಬಂತು, ಹಿಂದೆಯೇ ತೂಕ, ಕೊನೆಗೆ ಮಂಡಿನೋವು. ಅಷ್ಟು ಸೂಜಿ ಹಾಕಿಸಿದರೂ ಬಾಯಿ ಕಟ್ಟಲಿಲ್ಲವಲ್ಲ ಎಂದು ಊರವರು ಆಡಿಕೊಂಡರು. ಕಸಿದುಕೊಂಡವರನ್ನು ಯಾರೂ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಇದಕ್ಕೇ.

ಈಗ ಅಕ್ಕನ ಆ ಮಗಳ ಸೀಮಂತ. ಹೋದ ಭಾನುವಾರ ಹೋಳೂರಿಗೆ ಹೋಗಿದ್ದಾಗ, ಫೋಟೋ ವಿಡಿಯೋ ಎಲ್ಲ ಇರುತ್ತೆ, ಆ ಸೂಜಿ ಮತ್ತೆ ತರಿಸೋಣ ಎಂದು ಭಾವ ತಾವಾಗಿಯೇ ಅಂದರು. ನನಗೆ ಖುಷಿಯಾಗಿ ಅಡುಗೆಮನೆಗೆ ಓಡಿ ಅಕ್ಕನಿಗೆ ಹೇಳಿದೆ. ಅವಳು ಒಲೆ ಸಣ್ಣಗೆ ಮಾಡಿ ನನ್ನ ಕಡೆ ತಿರುಗಿದಳು.

“ಬೇಡ ಕಣೇ. ಸೀಮಂತ ಮುಗಿದ್ಮೇಲೆ ಮತ್ತೆ ನಿಲ್ಲಿಸ್ತಾರೆ. ಆ ನೆಮ್ಮದಿ ಹೆಂಗಿರುತ್ತೆ ಅಂತ ಈಗ ನಂಗೊತ್ತು. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದ್ಸಲ ಕಳ್ಕೊಳ್ಳೋಕೆ ನನ್ ಕೈಲಾಗಲ್ಲ.”

ಸೂಜಿಯೊಂದು ಸಿಕ್ಕರೆ ಸಾಕು ಎಂದು ನಾನೂ ಅಂದುಕೊಂಡಿದ್ದೆ. ಇನ್ನು ಹಾಗೆ ಅಂದುಕೊಳ್ಳಲಾರೆ. ಭಾವ ಅವಳ ಮಾತಿಗೆ ಹಠವೆಂದು ಹೆಸರಿಟ್ಟಿದ್ದಾರೆ. ಸೀಮಂತದ ಫೋಟೋದಲ್ಲಿ ಅವಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುವ ಬಗ್ಗೆ ಮನೆಯಲ್ಲಿ ಈಗ ಮಾತಾಗುತ್ತಿದೆ.