ಹೆಗಲಿನೊಳಗೆ ಕುಳಿತವನು

ಅವರ ಮೂಗಿನ ಎಡಬದಿಯಲ್ಲಿ ಒಂದು ತೂತಿತ್ತು. ಅದರಲ್ಲಿ ಮೂಗುಬೊಟ್ಟು ಮಾತ್ರ ಇರಲಿಲ್ಲ. ನೀಳವಾದ, ತುದಿಯಲ್ಲಿ ತುಸು ಬಾಗಿದ ಮೂಗು. ಮಾತಾಡುವ ಮೊದಲು ಅದನ್ನು ಸ್ವಲ್ಪ ಮೇಲಕ್ಕೆತ್ತಿ ಗಾಳಿ ಎಳೆದುಕೊಳ್ಳುತ್ತಿದ್ದರು. ಚಿಕ್ಕೋಡಿ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. ಮೂಗು ಮೇಲೆದ್ದಿತೆಂದರೆ ಆ ವಕೀಲರು ತಮ್ಮ ಕಾಗದಗಳನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದರು.

ಹೆಂಗಸರನ್ನು ಗೌರವದಿಂದ ಕರೆಯುವ ಮರಾಠಿ ರೂಢಿಯಂತೆ ನಾವೆಲ್ಲ ಅವರನ್ನು ಬಾಯಿಯವರು ಎನ್ನುತ್ತಿದ್ದೆವು. ಅವರು ವಕೀಲಿ ಶುರು ಮಾಡಿದ ಕಾಲದಲ್ಲಿ ಆ ಕೋರ್ಟಿನಲ್ಲಿ ಹೆಣ್ಣು ವಕೀಲರೇ ಅಪರೂಪವಂತೆ. ಮೊದಲ ವರ್ಷವೇ ಯಾರೋ ಒಬ್ಬರು, "ಬಾಯಾರ, ನಿಮ್ಮ ವಾದಕ್ಕಿಂತ ನಿಮ್ಮ ಮೂಗುಬೊಟ್ಟ ಛಲೋ ಹೊಳೀತೈತಿ ನೋಡ್ರಿ" ಅಂದರಂತೆ. ಮರುದಿನದಿಂದ ಅದನ್ನು ಹಾಕಲಿಲ್ಲ. ಆದರೆ ತೂತು ಮುಚ್ಚಿಹೋಗಲೂ ಬಿಡಲಿಲ್ಲ. ಆಗಾಗ ಬೇವಿನ ಕಡ್ಡಿ ತೂರಿಸಿ ತೆಗೆಯುತ್ತಿದ್ದರು. ಯಾಕೆಂದು ಕೇಳಿದರೆ, "ಮರೀಬಾರ್ದಂತ" ಎನ್ನುತ್ತಿದ್ದರು, ಅಷ್ಟೇ.

ನಾನು ಅವರ ಜೂನಿಯರಾಗಿ ಸೇರಿದ್ದು ನಿಪ್ಪಾಣಿಯಿಂದ ಬಂದು. ನನ್ನ ಅಪ್ಪ ಅಲ್ಲಿ ತಂಬಾಕಿನ ವಖಾರಿಯಲ್ಲಿ ಗುಮಾಸ್ತರಾಗಿದ್ದವರು. ಗೋದಾಮಿನ ತುಂಬ ತಂಬಾಕು, ಸಂಜೆ ಮನೆಗೆ ಬಂದರೆ ಅಂಗಿಯಲ್ಲಿ, ಧೋತರದಲ್ಲಿ, ಕೂದಲಲ್ಲಿ ತಂಬಾಕು. ಅವರು ಓಣಿಯ ತಿರುವಿಗೆ ಬಂದರೆಂಬುದು ಗಾಳಿಯಿಂದಲೇ ನನಗೆ ತಿಳಿಯುತ್ತಿತ್ತು. ಓದುವುದನ್ನು ಬಿಟ್ಟು ಓಡುತ್ತಿದ್ದೆ. ನನ್ನನ್ನು ಕಾಣಲು ಅಪ್ಪ ಚಿಕ್ಕೋಡಿಗೆ ಬಂದರೆ, ಬಟ್ಟೆಗೆ ಅಂಟಿದ ಘಾಟಿನ ಸಂಕೋಚಕ್ಕೆ ಆಫೀಸಿನ ಹೊರಗೇ ನಿಲ್ಲುತ್ತಿದ್ದರು. ಬಾಯಿಯವರು ಬಿಡುತ್ತಿರಲಿಲ್ಲ. "ಒಳಗ ಬರ್ರಿ, ಹೊರಗ್ಯಾಕ ನಿಂತೀರಿ? ನೀವು ದುಡದ ವಾಸನಿ ಅದು" ಎಂದು ಕರೆದು ತಮ್ಮೆದುರಿನ ಕುರ್ಚಿಯಲ್ಲೇ ಕೂರಿಸಿ ಚಹಾ ಕೊಡುತ್ತಿದ್ದರು.

ಹಾಗೆಂದು ಮೃದು ಸ್ವಭಾವದವರು ಎಂದುಕೊಳ್ಳಬಾರದು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ವಾದ ಕನ್ನಡದಲ್ಲಿ, ಬೈಗುಳ ಮರಾಠಿಯಲ್ಲಿ. ಜೈನರ ಮನೆತನ, ಹೊತ್ತು ಮುಳುಗುವ ಮೊದಲೇ ಊಟ. ಆ ಹೊತ್ತಿಗೆ ಕಕ್ಷಿದಾರ ಎಷ್ಟೇ ದೊಡ್ಡ ಮನುಷ್ಯನಿರಲಿ, ಜಗುಲಿಯ ಮೇಲೆ ಕಾಯಬೇಕು, ಆಫೀಸು ಮನೆಯಲ್ಲೇ ಇತ್ತು. ಜೂನಿಯರುಗಳು ಸೆಂಟು ಹಾಕಿಕೊಂಡು ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದರು. "ವಾಸನಿ ಮ್ಯಾಲ ವಾಸನಿ ಹಾಕಬ್ಯಾಡ್ರಿ. ಇದ್ದದ್ದ ತೆಗೀರಿ. ಆಗೂದಿಲ್ಲಂದ್ರ ಐತಿ ಅಂತ ಒಪ್ಪಿಕೊಳ್ರಿ." ಕೇಸಿನ ಮಾತಿಗೂ ಅವರದು ಇದೇ ಪಾಠ.

ಕೋಟಿನ ಪ್ರಸಂಗ ನಡೆದದ್ದು ಒಂದು ಶ್ರಾವಣದಲ್ಲಿ. ನನ್ನ ಮೊದಲ ಕೋಟನ್ನು ಚಿಕ್ಕೋಡಿಯ ಟೇಲರ್ ಒಬ್ಬರು ಗಂಡಸರ ಅಳತೆಯಲ್ಲೇ ಹೊಲಿದಿದ್ದರು. ತೊಟ್ಟರೆ ಚೀಲದೊಳಗೆ ನಿಂತಂತೆ ಕಾಣುತ್ತಿದ್ದೆ. ಮೊಬೈಲಿನಲ್ಲಿ ಹಳೆಯ ಬಟ್ಟೆ ಮಾರುವ ಕಡೆ ಹೆಣ್ಣುಮಕ್ಕಳ ಕಪ್ಪು ಕೋಟೊಂದು ಕಣ್ಣಿಗೆ ಬಿತ್ತು. ಒಂದೇ ಸಲ ಹಾಕಿದ್ದು ಎಂದು ಬರೆದಿದ್ದರು. ನಡು ಹಿಡಿದು ಹೊಲಿದ ಚಂದದ ಕೋಟು. ತರಿಸಿಕೊಂಡೆ.

ಪೊಟ್ಟಣ ಬಿಚ್ಚಿದ್ದೇ ತಡ, ಅತ್ತರಿನ ವಾಸನೆ ಕೋಣೆಯ ತುಂಬ ಎದ್ದು ನಿಂತಿತು. ನಾನಿದ್ದ ಮನೆಯ ಯಜಮಾನಿ ಬಾಗಿಲಿಗೆ ಬಂದು, "ಒಳಗ ಯಾರ ಮದವಿ ನಡದೈತ್ರಿ?" ಎಂದು ನಕ್ಕರು. ತೊಳೆದೆ. ಮತ್ತೆ ತೊಳೆದೆ. ಸೋಡಾ ಪುಡಿ ಉದುರಿಸಿ ಮಡಿಚಿಟ್ಟೆ, ವಿನೆಗರ್ ಹಾಕಿದ ನೀರಿನಲ್ಲಿ ನೆನೆಸಿದೆ, ಇದ್ದಿಲಿನ ಜೊತೆ ಚೀಲದಲ್ಲಿ ಕಟ್ಟಿಟ್ಟೆ. ಬಿಸಿಲಿಗೆ ಹಾಕೋಣವೆಂದರೆ ಸೂರ್ಯನೇ ಇಲ್ಲ, ಹಿಡಿದ ಜಡಿಮಳೆ ಬಿಡಲೊಲ್ಲದು. ಅಂತೂ ಅತ್ತರು ಹೋಯಿತು. ಮೂಗು ಅದ್ದಿ ನೋಡಿದೆ, ಏನೂ ಇಲ್ಲ. ಯಜಮಾನಿ ಮಾತ್ರ, "ಇನ್ನೂ ಏನೋ ಉಳದೈತಿ ನೋಡ್ರಿ" ಅಂದರು. ಅವರಿಗೆ ಭ್ರಮೆ ಎಂದುಕೊಂಡೆ. ಬಾಯಿಯವರು ಆ ವಾರ ಬೆಳಗಾವಿಯಲ್ಲಿದ್ದರು. ಇಲ್ಲದಿದ್ದರೆ ಆ ಕೋಟು ಆಫೀಸಿನ ಹೊಸ್ತಿಲನ್ನೂ ದಾಟುತ್ತಿರಲಿಲ್ಲ.

ಅವರು ಬೆಳಗಾವಿಯ ಬಸ್ಸಿಳಿದು ನೆಟ್ಟಗೆ ಕೋರ್ಟಿಗೇ ಬಂದ ದಿನ ಉಗಾರ ಬುದ್ರುಕದ ಹೆಣ್ಣುಮಗಳೊಬ್ಬಳ ಪಾಟಿ ಸವಾಲಿತ್ತು. ಆಕೆಯ ಗಂಡ ಟ್ರಕ್ ಚಾಲಕ. ಹೊಡೆತ ತಾಳದೆ ಆಕೆ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಈಗ ಅವನು ಮಗಳು ನನಗೇ ಬೇಕು ಎಂದು ಅರ್ಜಿ ಹಾಕಿದ್ದ. ಮಗಳು ಆಗಷ್ಟೇ ಶಾಲೆಗೆ ಸೇರಿದ ಕೂಸು. ಹೊಡೆತಕ್ಕೆ ನೋಡಿದ ಸಾಕ್ಷಿಯಿಲ್ಲ, ದವಾಖಾನೆಯ ಚೀಟಿಯಿಲ್ಲ. ಆಕೆಯ ಮಾತೊಂದೇ ಆಧಾರ. ಆ ಮಾತು ಕಟಕಟೆಯಲ್ಲಿ ತಡವರಿಸಿದರೆ ಮಗು ಕೈಬಿಟ್ಟು ಹೋಗುವ ಸಾಧ್ಯತೆಯೇ ಹೆಚ್ಚು ಎಂದು ಬಾಯಿಯವರು ಮೊದಲೇ ನನಗೆ ಹೇಳಿದ್ದರು.

"ಅಕ್ಕಾರ, ನನ್ನ ಬಾಜೂಕ ನಿಂದರ್ರಿ. ನೀವಿದ್ರ ಧೈರ್ಯ ಬರ್ತೈತ್ರಿ" ಎಂದು ಆಕೆ ಬೇಡಿಕೊಂಡಿದ್ದಳು. ಮಳೆಯಲ್ಲಿ ಓಡಿಬಂದಿದ್ದ ನಾನು ನ್ಯಾಯಾಧೀಶರ ಒಪ್ಪಿಗೆ ಪಡೆದು ಒದ್ದೆ ಕೋಟಿನಲ್ಲೇ ಕಟಕಟೆಗೆ ಹತ್ತಿ ನಿಂತೆ. ಆಕೆ ನನ್ನ ಕೈ ಹಿಡಿದಳು. ಸ್ವಲ್ಪ ಹೊತ್ತಿಗೆ ಬಿಟ್ಟಳು. ಮುಖ ನೋಡಿದರೆ ಬಣ್ಣವೇ ಇಲ್ಲ.

ಎದುರು ವಕೀಲರು ನಿಧಾನಕ್ಕೆ ಶುರು ಮಾಡಿದರು. ಊರು, ಮದುವೆ, ತವರು. ಆಕೆ ತುಟಿ ಬಿಚ್ಚಲಿಲ್ಲ. ಗಂಡನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಕಟ್ಟಿಕೊಂಡು, ಯಾರು ನೋಡಿದರೂ ಪಾಪ ಅನ್ನಬೇಕು. ನ್ಯಾಯಾಧೀಶರು ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. "ಹೇಳಮ್ಮ, ಹೆದರಬೇಡ, ಪ್ರಶ್ನೆ ಅರ್ಥ ಆಯ್ತಾ?" ಎಂದರು. ಆಕೆಯ ಕಣ್ಣು ಬಾಗಿಲ ಕಡೆಗೇ ಇತ್ತು. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಧೈರ್ಯ ಹೇಳಲು ನಾನು ಇನ್ನಷ್ಟು ಹತ್ತಿರ ಸರಿದೆ. ಆಕೆ ಗೋಡೆಗೆ ಒತ್ತಿಕೊಂಡಳು. ಆಕೆಗೆ ಏನಾಗಿದೆ ಎಂಬುದೇ ತಿಳಿಯಲಿಲ್ಲ.

"ಗಂಡ ಬರೂಕ್ಕಿಂತ ಮೊದಲ ಮಗಳನ್ನ ಮುಚ್ಚಿ ಇಡ್ತಿದ್ದೆ ಅಂತ ಹೇಳೀಯಲ್ಲ. ಅವಾ ಬರೂ ಹೊತ್ತಿಗೆ ನೇಮ ಇಲ್ಲ. ನಿನ್ನ ಕಡೆ ಫೋನ್ ಇದ್ದಿದ್ದಿಲ್ಲ. ಅವಾ ಬರೂದು ನಿನಗ ಹೆಂಗ ತಿಳೀತಿತ್ತು?" ಎಂದು ಕೇಳಿದ ವಕೀಲರು ಉತ್ತರಕ್ಕೆ ಕಾದರು. "ನೋಡ್ರಿ ಸಾಹೇಬ್ರ, ಇಲ್ಲದ್ದ ಕಟ್ಟಿದ ಕತಿ. ಉತ್ತರ ಇಲ್ಲ ಅಂತ ಬರಸ್ರಿ" ಎಂದರು. ಟೈಪಿಸ್ಟ್ ಬೆರಳೆತ್ತಿ ನ್ಯಾಯಾಧೀಶರ ಕಡೆ ನೋಡಿದ.

ಆಗ ಬಾಯಿಯವರ ಮೂಗು ಮೇಲೆದ್ದಿತು. ಎದ್ದು ನಿಂತು ಕಟಕಟೆಯ ಹತ್ತಿರ ಬಂದರು. ಎದುರು ವಕೀಲರು, "ಸಾಕ್ಷಿಗೆ ಹೇಳಿಕೊಡಬಾರ್ದ್ರಿ" ಎಂದು ತಕರಾರು ತೆಗೆದರು. ಬಾಯಿಯವರು ಸಾಕ್ಷಿಯ ಮುಖವನ್ನೂ ನೋಡಲಿಲ್ಲ. ನನ್ನ ಹೆಗಲ ಬಳಿ ಒಮ್ಮೆ ಉಸಿರೆಳೆದುಕೊಂಡು ಮರಾಠಿಯಲ್ಲಿ, "ತೂ ಬಾಹೇರ್ ಜಾ" ಅಂದರು. ನೀನು ಹೊರಗೆ ಹೋಗು. ತುಂಬಿದ ಕೋರ್ಟಿನಲ್ಲಿ, ಎಲ್ಲರ ಎದುರು. ಹೊರಗೆ ಬಂದು ಪಡಸಾಲೆಯ ಕಿಟಕಿಯ ಪಕ್ಕದಲ್ಲಿ ನಿಂತೆ. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಬೇಕು ಎಂದು ಅವರು ನ್ಯಾಯಾಧೀಶರನ್ನು ವಿನಂತಿಸಿದ್ದು ಕೇಳಿಸಿತು. ದೇವರೇ, ಆಕೆ ಒಂದು ಮಾತಾದರೂ ಆಡಲಿ ಎಂದು ಕಿಟಕಿಯ ಸರಳು ಹಿಡಿದುಕೊಂಡೆ.

"ವಾಸನಿಯಿಂದ್ರಿ" ಎಂದಳು ಆಕೆ.

ದನಿ ಸಣ್ಣದು, ಆದರೆ ಸ್ಪಷ್ಟ. "ನಿಪ್ಪಾಣಿಯಿಂದ ತಂಬಾಕು ಹೇರಿಕೊಂಡ ಬರ್ತಿದ್ದ್ರಿ. ಅಂವ ಬಾಗಲಕ್ಕ ಬರೂಕಿಂತ ಮೊದಲ ಆ ವಾಸನಿ ಬರ್ತಿತ್ತ್ರಿ. ಬಂದ್ ಕೂಡ್ಲೆ ಕೂಸಿನ್ನ ಜ್ವಾಳದ ಚೀಲದ ಹಿಂದ ಕುಂದರಸ್ತಿದ್ದೆ. ಈಗೂ ಬಂದಿತ್ತ್ರಿ, ಇಲ್ಲೇ, ನನ್ನ ಮಗ್ಗಲಕ. ನನಗ ಮಾತ ಬರಲಿಲ್ಲ. ಈಗ ಹೋತ್ರಿ."

ಕೋಟಿನ ತೋಳನ್ನು ಮೂಗಿಗೆ ಒತ್ತಿದೆ. ಆಗಲೂ ನನಗೆ ಏನೂ ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ವಖಾರಿಯ ಘಾಟಿಗೆ ಒಗ್ಗಿದ ನಿಪ್ಪಾಣಿಯ ಮೂಗಿಗೆ ಇಷ್ಟು ತಂಬಾಕು ವಾಸನೆಯೇ ಅಲ್ಲ, ಅದು ಬರೀ ಗಾಳಿ. ಅತ್ತರು ಯಾವುದನ್ನು ಮುಚ್ಚಲು ಸುರಿದದ್ದೋ ಅದನ್ನು ಹಾಗೇ ಉಳಿಸಿಕೊಂಡು ನಾನು ಆಕೆಯ ಪಕ್ಕದಲ್ಲಿ ನಿಂತಿದ್ದೆ.

ಒಳಗೆ ನ್ಯಾಯಾಧೀಶರು ಹಿಂದಿನ ಬೆಂಚಿನ ಗಂಡನನ್ನೇ ದಿಟ್ಟಿಸುತ್ತಿದ್ದರು. ವಾಸನೆ ಅವನದೇ ಎಂದುಕೊಂಡರೇನೋ. ಬಾಯಿಯವರು ಸುಮ್ಮನಿದ್ದಿದ್ದರೆ ನಮಗೇ ಅನುಕೂಲವಿತ್ತು. ಅವರು ಸುಮ್ಮನಿರಲಿಲ್ಲ. "ಸಾಹೇಬ್ರ, ಆ ವಾಸನಿ ಅವರದಲ್ಲ. ನನ್ನ ಜೂನಿಯರ್ ಕೋಟಿಂದು. ಯಾರೋ ಹಾಕಿ ಬಿಟ್ಟ ಕೋಟು. ಅದನ್ನೂ ಬರಸ್ರಿ." ಎದುರು ವಕೀಲರೇ ತಬ್ಬಿಬ್ಬಾದರು. ನಮ್ಮ ಕೇಸನ್ನು ನಾವೇ ಕೆಡಿಸಿಕೊಂಡೆವೆಂದು ನಾನು ಕಣ್ಣು ಮುಚ್ಚಿದೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಆ ಹೆಣ್ಣುಮಗಳನ್ನು ಬಹಳ ಹೊತ್ತು ನೋಡಿದರು. ಗಂಡ ಹತ್ತಿರವೂ ಸುಳಿಯದೆ, ಬರಿಯ ಒಂದು ಕೋಟಿನ ವಾಸನೆಗೆ ಹೀಗಾದವಳು. "ಎರಡನ್ನೂ ಬರೆದುಕೊಳ್ಳಿ" ಎಂದರು. ಮುಂದಿನ ಪ್ರಶ್ನೆಗಳಿಗೆಲ್ಲ ಆಕೆ ತಡವರಿಸದೆ ಉತ್ತರ ಹೇಳಿದಳು. ತೀರ್ಪು ಬರಲು ದೀಪಾವಳಿ ದಾಟಿತು. ಮಗು ತಾಯಿಯ ಹತ್ತಿರವೇ ಉಳಿಯಿತು.

ಪಾಟಿ ಸವಾಲಿನ ದಿನ ಸಂಜೆ ಬೈಗುಳಕ್ಕೆ ಮೈಯೊಡ್ಡಿಕೊಂಡೇ ಆಫೀಸಿಗೆ ಹೋದೆ. ಬಾಯಿಯವರು ಕೈಚಾಚಿ, "ಕೋಟ ತಾ" ಎಂದರು. ಕಿಟಕಿಯ ಬೆಳಕಿಗೆ ಕುಳಿತು ಬ್ಲೇಡಿನಿಂದ ಹೆಗಲಿನ ಒಳಹೊಲಿಗೆ ಬಿಚ್ಚಿದರು. ಒಳಗಿನಿಂದ ಗಂಡಸಿನ ಹೆಗಲಿನ ಅಗಲಕ್ಕೆ ಕತ್ತರಿಸಿ, ಆಮೇಲೆ ಮಡಿಚಿ ತುರುಕಿದ್ದ ಹತ್ತಿಯ ಮೆತ್ತೆ ಹೊರಬಂತು. ಹಳದಿಗಟ್ಟಿ ಮುದ್ದೆಯಾಗಿತ್ತು. ಹೆಣ್ಣುಮಕ್ಕಳದೆಂದು ಮಾರಿದ್ದು ಯಾವನೋ ಗಂಡಸಿನ ಕೋಟನ್ನು ಹಿಡಿಸಿ ಹೊಲಿದದ್ದು. "ಮ್ಯಾಲಿನ ಅರಿವಿ ತೊಳದರ ಏನಾತು? ಈ ಹೆಗಲಾಗ ಯಾವನೋ ಒಬ್ಬ ಇನ್ನೂ ಕುಂತಾನ ನೋಡು" ಎಂದು ಅದನ್ನು ಕಾಗದದಲ್ಲಿ ಸುತ್ತಿ ಹೊರಗೆ ಎಸೆದರು.

ನನಗೆ ಅಳು ಬಂತು. ಬೈದಿದ್ದರೆ ಬರುತ್ತಿರಲಿಲ್ಲವೇನೋ. "ಬಾಯಾರ, ನನಗ ಅದು ನಮ್ಮ ಅಪ್ಪ ಮನೀಗೆ ಬರೂ ವಾಸನಿರೀ" ಅಂದೆ.

ಅವರು ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಹೌದು. ಅಕಿಗಿ ಗಂಡ ಮನೀಗೆ ಬರೂ ವಾಸನಿ. ಅಪ್ಪನ್ನ ಯಾಕ ಬಿಡ್ತಿ, ಬಿಡಬ್ಯಾಡ. ಆದ್ರ ಇನ್ನೊಬ್ಬರ ಮಗ್ಗಲಕ ನಿಂದರೂ ಮುಂದ ಅವರ ಮೂಗಿಲೆ ಒಮ್ಮೆ ನಿನ್ನ ನೀ ನೋಡ್ಕೋ."

ಅಸ್ತರನ್ನೆಲ್ಲ ಬೇರ್ಪಡಿಸಿ ಉಗುರುಬೆಚ್ಚಗಿನ ನೀರಿಗೆ ಹಾಕಿಸಿದರು. ತಮ್ಮ ಹಳೆಯ ಹತ್ತಿಸೀರೆಯೊಂದನ್ನು ಹರಿದು, ಪದರ ಮಡಿಚಿ, ಹೆಗಲಿಗೆ ಹೊಸ ಮೆತ್ತೆ ಮಾಡಿ ಹೊಲಿದಿಟ್ಟರು. ಕೋಟು ಒಣಗಿದ ಮೇಲೆ ಕೂರಿಸಿದರಾಯಿತು ಎಂದರು. ಸೂಜಿ ಕೆಳಗಿಡುವಾಗ ಹೊರಗೆ ಬೆಳಕಿರಲಿಲ್ಲ. ಒಳಮನೆಯಲ್ಲಿ ಅವರ ಊಟದ ತಾಟು ಮುಚ್ಚಿಟ್ಟದ್ದು ಹಾಗೇ ಇತ್ತು. ಬೆಳಗಾವಿಯಿಂದ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರು, ಕೋರ್ಟಿನಲ್ಲೂ ತಿಂದಿರಲಿಲ್ಲ. ನಾನು ಆ ಕಡೆ ನೋಡಿದ್ದು ಅವರಿಗೆ ತಿಳಿಯಿತು. "ಹೊತ್ತು ಮುಣಗೇತಿ. ನಾಳೆ ಉಣ್ತೀನಿ, ಏನ್ ಆಗೂದಿಲ್ಲ" ಎಂದು ದೀಪದ ಸ್ವಿಚ್ ಒತ್ತಿದರು.

ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಮಾತು ಕಡಿಮೆಯಾಗುತ್ತ ಬಂತು. ಒಂದು ಮಧ್ಯಾಹ್ನ ಕೋರ್ಟಿನಿಂದ ನೆಟ್ಟಗೆ ಹೋಗಿ, ಅದೇ ಕೋಟಿನಲ್ಲಿ ಅವರ ಮೇಲೆ ಬಾಗಿ ದಿಂಬು ಸರಿಮಾಡುತ್ತಿದ್ದೆ. ಮೂಗು ಸ್ವಲ್ಪ ಮೇಲೆದ್ದಿತು. ಬೈಗುಳ ಬೀಳುತ್ತದೆಂದು ಅಭ್ಯಾಸಬಲದಿಂದ ಹೆದರಿದೆ. "ಈಗ ಒಳಗ ಯಾರೂ ಇಲ್ಲ. ನೀನಽ ಅದೀ" ಎಂದು ಕಣ್ಣು ಮುಚ್ಚಿಕೊಂಡರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅವರು ಹೋದ ದಿನವೂ ನಾನು ಕೋರ್ಟಿನಿಂದಲೇ, ಅದೇ ಕೋಟಿನಲ್ಲೇ ಓಡಿದ್ದು. ಜಗುಲಿಯ ಮೇಲೆ ಜನ ಸೇರಿದ್ದರು, ಹಿಂದೆ ಊಟದ ಹೊತ್ತಿಗೆ ಕಾಯುತ್ತಿದ್ದ ಹಾಗೆ. ಉಗಾರದ ಆ ಹೆಣ್ಣುಮಗಳು ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಹುಡುಗಿ ಎತ್ತರಕ್ಕೆ ಬೆಳೆದಿದ್ದಳು. ತಾಯಿ ಒಳಗೆ ಹೋಗಿ ದರ್ಶನ ಮಾಡಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ನಾನು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ಸರಿಯಲಿಲ್ಲ. "ಅಕ್ಕಾರ" ಎಂದವಳೇ ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ಮೂಗು ಬಾಯಿ ಎಲ್ಲ ಆ ಕಪ್ಪು ಬಟ್ಟೆಗೆ ಒತ್ತಿ, ಬಹಳ ಹೊತ್ತು ಅತ್ತಳು. ನೀನು ಮುಖವಿಟ್ಟಿದ್ದು ಬಾಯಿಯವರ ಸೀರೆಯ ಮೇಲೆ ಎಂದು ಹೇಳಬೇಕೆನಿಸಿತು. ಆಕೆ ತಾನಾಗಿ ತಲೆಯೆತ್ತುವವರೆಗೆ ಹೆಗಲನ್ನು ಅಲುಗಿಸದೆ ನಿಂತಿದ್ದೆ.