ಪಂಖ ತಿರುವಿದವರು, ಬಾಲ ಹಿಡಿದವರು

ಹೊಸಪೇಟೆ ಸೀಮೆಯಲ್ಲಿ ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ವಿದ್ಯೆಗೆ ಶಿಸ್ತನ್ನೂ ಶಿಷ್ಯಪರಂಪರೆಯನ್ನೂ ತಂದುಕೊಟ್ಟವರು ಶ್ರೀಮತಿ ಶೈಲಜಾ ಅವರು. ಕಂಪ್ಲಿಯ ಅಕ್ಕಿ ಗಿರಣಿಯ ಮನೆತನದಲ್ಲಿ ಹುಟ್ಟಿ, ಡೀಸೆಲ್ ಎಂಜಿನ್ ಕೆಮ್ಮಿದ ಬಗೆಯಿಂದಲೇ ಅದರ ಕಾಯಿಲೆ ಹೇಳಬಲ್ಲವರಾಗಿ ಬೆಳೆದ ಅವರು, ನಮ್ಮ ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದು, ಈಗ ಅದರ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಪಾಠದ ಸೊಗಸನ್ನು ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಅವರ ಬದುಕಿನ ಒಂದು ಮಧ್ಯಾಹ್ನ ನಡೆದದ್ದನ್ನು, ಅವರೇ ಒಪ್ಪಿ ಹೇಳಿದಂತೆ, ದಾಖಲಿಸುವುದಷ್ಟೇ ಈ ಲೇಖನದ ಉದ್ದೇಶ.

ಸೇವೆಯ ಮೊದಲ ವರ್ಷಗಳಲ್ಲಿ ಅವರು ಹಾರಿಸಿದವು ಅಂಗೈ ಅಗಲದ ಎಂಜಿನ್ನಿನ ಸಣ್ಣ ವಿಮಾನಗಳು. ಮೂತಿಯಲ್ಲಿ ತಿರುಗುವ ಪಂಖಕ್ಕೆ ಬಲಗೈ ಬೆರಳು ಕೊಟ್ಟುಕೊಂಡ ವಿದ್ಯಾರ್ಥಿಯೊಬ್ಬನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದು, ಎಡಗೈಯಲ್ಲಿ ಬರೆಯುವುದನ್ನು ತಾವೇ ಕಲಿಸಿ, ಆ ವರ್ಷದ ಪರೀಕ್ಷೆ ತಪ್ಪದಂತೆ ನೋಡಿಕೊಂಡದ್ದು ಆ ಕಾಲದಲ್ಲೇ. ವರ್ಕ್‌ಶಾಪಿಗೆ ದಿನಗೂಲಿಯ ಮೇಲೆ ಬಂದ ಕಡ್ಡಿರಾಂಪುರದ ಹುಲಿಗೇಶ್ ಎಂಬ ಬೆಸುಗೆಗಾರನ ನೌಕರಿಯನ್ನು ಕಾಯಂ ಮಾಡಿಸಲು ಆಡಳಿತ ಮಂಡಳಿಯ ಬಾಗಿಲು ಬಡಿದು ಬಡಿದು ಗೆದ್ದವರೂ ಅವರೇ. ಮುಂದೆ ಆಳುದ್ದದ ರೆಕ್ಕೆಯ ಪೆಟ್ರೋಲ್ ವಿಮಾನ ಸಿದ್ಧವಾದಾಗ ಶೈಲಜಾ ಮತ್ತು ಹುಲಿಗೇಶ್ ಜೋಡಿಯಾದರು. ಅಂಥ ಎಂಜಿನ್ನನ್ನು ಕೈಯಿಂದ ಎಬ್ಬಿಸುವುದು ಒಬ್ಬರ ಕೆಲಸವಲ್ಲ. ಮುಂದೆ ನಿಂತವರು ಗಾಳಿ ತಡೆಯುವ ಚೋಕ್ ಮುಚ್ಚಿ ಪಂಖ ತಿರುವಬೇಕು. ಒಮ್ಮೆ ಫಟ್ ಅಂದ ಮೇಲೆ ಚೋಕ್ ತೆರೆದು ಮತ್ತೆ ತಿರುವಬೇಕು. ಹಿಂದೆ ಕೂತವರು ಬಾಲವನ್ನು ಬಿಗಿಯಾಗಿ ಹಿಡಿದಿರಬೇಕು. ಹಿಡಿತ ತಪ್ಪಿದರೆ ವಿಮಾನ ನುಗ್ಗುವುದು ತಿರುವಿದವರ ಎದೆಯ ಮೇಲೆಯೇ. ಹುಲಿಗೇಶ್ ಕುಕ್ಕರುಗಾಲಲ್ಲಿ ಕೂತು, "ಹಿಡ್ದೀನ್ರಿ ಮೇಡಂ, ತಿರುವ್ರಿ" ಎನ್ನುವ ತನಕ ಶೈಲಜಾ ಪಂಖ ಮುಟ್ಟುತ್ತಿರಲಿಲ್ಲ.

ಅದಿರಿನ ಲಾರಿಗಳು ಹಗಲಿರುಳೆನ್ನದೆ ಓಡುತ್ತಿದ್ದ ಆ ವರ್ಷಗಳಲ್ಲಿ, ಒಂದು ಸಂಜೆ ಕೆಲಸ ಮುಗಿಸಿ ಬೈಕಿನಲ್ಲಿ ಹೊರಟ ಹುಲಿಗೇಶ್ ಮನೆ ಮುಟ್ಟಲಿಲ್ಲ. ಹೊಡೆದ ಲಾರಿ ಯಾವುದೆಂದು ಗೊತ್ತಾಗಲಿಲ್ಲ. ಶೈಲಜಾ ದೊಡ್ಡ ವಿಮಾನಕ್ಕೆ ಬಟ್ಟೆ ಹೊದಿಸಿ ಸ್ಟೋರಿನಲ್ಲಿಟ್ಟರು.

ಅದು ಹೊರಬಂದದ್ದು ಮರುವರ್ಷ. ಗಣಿ ಕಂಪನಿಯೊಂದು ತನ್ನ ಸಿಬ್ಬಂದಿಯ ಮಕ್ಕಳಿಗಾಗಿ ಸಂಡೂರಿನ ಬಳಿ ಗುಡ್ಡ ಸಮತಟ್ಟು ಮಾಡಿದ ಬಯಲಿನಲ್ಲಿ ಪ್ರದರ್ಶನ ಕೇಳಿತ್ತು. ಮಕ್ಕಳ ಬಸ್ಸು ಇನ್ನೂ ಬಂದಿರಲಿಲ್ಲ. ಹಕ್ಕಿಯ ದನಿಯಿಲ್ಲ, ಗಾಳಿಯಿಲ್ಲ. ಕಾಲಿಟ್ಟರೆ ಕೆಂಪು ಧೂಳು ಮೊಣಕಾಲಿಗೆದ್ದು, ಇಳಿಯಲು ಮನಸ್ಸಿಲ್ಲದಂತೆ ಅಲ್ಲೇ ನಿಲ್ಲುತ್ತಿತ್ತು. ಬಾಲ ಹಿಡಿಯಲು ಬಂದವರು ಕಿರಿಯ ಸಹೋದ್ಯೋಗಿ ತಿಪ್ಪೇಶ್. ಒಂದು ಸಲ ಎಂಜಿನ್ ಫಟ್ ಎಂದು ಸುಮ್ಮನಾಯಿತು. ಶೈಲಜಾ ಬಗ್ಗಿ ಚೋಕ್ ತೆರೆಯುತ್ತಿದ್ದರು. ವಿಮಾನದ ಅಗಲ ಮೂತಿ ಹಿಂಬದಿಯನ್ನು ಮರೆಮಾಡಿತ್ತು. ಅಷ್ಟರಲ್ಲಿ ಗಣಿಯವರು ಕೈಮಾಡಿ ಕರೆದರೆಂದು ತಿಪ್ಪೇಶ್ ಎದ್ದುಹೋದದ್ದು ಅವರಿಗೆ ತಿಳಿಯಲಿಲ್ಲ.

"ಹಿಡ್ದೀನ್ರಿ ಮೇಡಂ, ತಿರುವ್ರಿ."

ವರ್ಷಗಟ್ಟಲೆ ಆ ಮಾತಿಗೇ ಪಳಗಿದ ಕೈ ತಾನಾಗಿ ತಿರುವಿತು. ಎಂಜಿನ್ ಎದ್ದಿತು, ಎದ್ದದ್ದೇ ಪೂರ್ತಿ ವೇಗಕ್ಕೇರಿ ಅಬ್ಬರಿಸಿತು. ಗಣಿಯ ವೈರ್‌ಲೆಸ್ ಸೆಟ್ಟುಗಳು ನಮ್ಮ ರಿಮೋಟಿಗೆ ಅಡ್ಡಬಂದವೆಂದು ಆಮೇಲೆ ಊಹಿಸಲಾಯಿತು. ಪಂಖ ಅವರ ಎದೆಯಿಂದ ಗೇಣಷ್ಟೇ ದೂರದಲ್ಲಿತ್ತು. ನೆಲ ಅವರ ಕಡೆಗೇ ಇಳಿಜಾರು. ಆದರೆ ವಿಮಾನ ಗಡಗಡ ನಡುಗುತ್ತ ನಿಂತಲ್ಲೇ ನಿಂತಿತ್ತು.

ಆ ದನಿ ತಿಪ್ಪೇಶರದಲ್ಲ ಎಂದು ಅವರಿಗೆ ಹೊಳೆದದ್ದು ಆಗ.

ಅವರು ಪಕ್ಕಕ್ಕೆ ಸರಿದು ಹಿಂದಕ್ಕೆ ನೋಡಿದರು. ಬಾಲದ ಬಳಿ ಯಾರೂ ಇರಲಿಲ್ಲ. ಪಂಖದ ಗಾಳಿಗೆ ಕೆಂಪು ಧೂಳು ಹೊಳೆಯ ಹಾಗೆ ಹಿಂದಕ್ಕೆ ಹರಿಯುತ್ತಿತ್ತು. ಬಾಲದ ಹತ್ತಿರ ಮಾತ್ರ ಎರಡಾಗಿ ಸೀಳಿ, ಅಷ್ಟು ಜಾಗವನ್ನು ಬಿಟ್ಟು, ಆಚೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬಿಟ್ಟ ಜಾಗ ಕುಕ್ಕರುಗಾಲಲ್ಲಿ ಕೂತ ಒಬ್ಬ ಆಳಿನಷ್ಟಿತ್ತು. ಎಂಜಿನ್ ನಿಲ್ಲಿಸಲು ರೆಕ್ಕೆಯ ಹಿಂದಿನ ಸ್ವಿಚ್ಚು ಒತ್ತಬೇಕಾದರೆ ಆ ಜಾಗದ ಪಕ್ಕಕ್ಕೇ ಹೋಗಬೇಕು. ಹೋದರು. ಒತ್ತಿದರು. ಪಂಖ ನಿಂತು, ಧೂಳು ಕೂತು, ಆ ಜಾಗವೂ ಉಳಿದ ನೆಲದಂತೆ ಕೆಂಪಾದ ಮೇಲೆ, ವಿಮಾನ ಮೆಲ್ಲಗೆ ಇಳಿಜಾರಿನಲ್ಲಿ ಉರುಳತೊಡಗಿತು.

ತಿಪ್ಪೇಶ್ ಓಡಿಬಂದು ಅದನ್ನು ತಡೆದರು. "ನಾನು ಆ ಗಣಿಯವರ ಕಡೆ ಹೋಗಿದ್ದೆ, ಮೇಡಂ! ಮತ್ತ ಇಷ್ಟೊತ್ತು ಯಾರ್ ಹಿಡಿದಿದ್ರು?" ಶೈಲಜಾ ವಿಮಾನಕ್ಕೆ ಬಟ್ಟೆ ಹೊದಿಸಿದರು. ಮಕ್ಕಳಿಗೆ ಅಂದು ಸಣ್ಣ ವಿಮಾನವನ್ನಷ್ಟೇ ಹಾರಿಸಿ ತೋರಿಸಿದರು.

ಮರುದಿನ ಅವರು ಕಡ್ಡಿರಾಂಪುರಕ್ಕೆ ಹೋಗಿ ಹುಲಿಗೇಶನ ಹೆಂಡತಿ ಹೊಳೆಮ್ಮನಿಗೆ ಎಲ್ಲವನ್ನೂ ಹೇಳಿದರು. ಹೊಳೆಮ್ಮ ಅಳಲಿಲ್ಲ, ಬೆಚ್ಚಲಿಲ್ಲ. ಹೊಸ್ತಿಲನ್ನೇ ನೋಡುತ್ತ ಕೇಳಿದಳು: "ದನಿ ಹೆಂಗಿತ್ರಿ? ನೋವು-ಬ್ಯಾನಿ ಇದ್ದಂಗ ಇತ್ತೇನು?"

"ಇಲ್ಲವ್ವ. ದಿನಾ ಇದ್ದಂಗ ಇತ್ತು."

"ನಿಮ್ ಕೂಡ ಮಾತಾಡ್ಯಾರ. ವರ್ಷಾತು, ನಾ ರಾತ್ರಿ ಕದ ಹಾಕ್ಕೊಂಡಿಲ್ರಿ. ನನ್ ತಾಕ ಇನ್ನೂ ಬಂದಿಲ್ಲ."

ಬದುಕಿ ಬಂದ ಸಮಾಧಾನವನ್ನು ಹೇಳಲು ಹೋಗಿದ್ದ ಶೈಲಜಾ ಅವರಿಗೆ ತಲೆ ಎತ್ತಲಾಗಲಿಲ್ಲ. ಕೊನೆಗೆ, "ನೀ ನನ್ ಕೂಡ ಬಾ, ಹೊಳೆಮ್ಮ" ಎಂದರು. ಕಚೇರಿಯಲ್ಲಿ ಧೂಳು ತಿನ್ನುತ್ತಿದ್ದ ಅನುಕಂಪದ ನೌಕರಿಯ ಅರ್ಜಿಗೆ ಅಂದಿನಿಂದ ಅವರು ಬಿಡುವು ಕೊಡಲಿಲ್ಲ. ಹೊಳೆಮ್ಮ ವರ್ಕ್‌ಶಾಪಿನ ಅಟೆಂಡರಾದಳು. ದೊಡ್ಡ ವಿಮಾನದ ಬಾಲವನ್ನು ತಾನೇ ಹಿಡಿಯುವೆನೆಂದು ಹಟಹಿಡಿದಳು. ಮೊದಲ ಸಲ ಎಂಜಿನ್ ಅಬ್ಬರಿಸಿ ನಿಂತಾಗ ಅವಳು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ರಾತ್ರಿಯಿಂದ ಅವಳು ಕದ ಹಾಕಿಕೊಂಡು ಮಲಗುತ್ತಾಳೆಂದು ಅಕ್ಕಪಕ್ಕದವರು ಹೇಳುತ್ತಾರೆ.

ಹೊಳೆಮ್ಮ ಹಿಡಿಯುವುದು ಬಾಲದ ಬಲಗಡೆಯನ್ನು ಮಾತ್ರ. ಮೊನ್ನೆ ಬೀಳ್ಕೊಡುಗೆಯ ಹಾರಾಟದಲ್ಲಿ ನೆರವಾಗಲೆಂದು ತಿಪ್ಪೇಶ್ ಎಡಗಡೆಗೆ ಕೂರಲು ಹೋದರೆ, "ಅಲ್ಲಿ ಬ್ಯಾಡ್ರಿ ಸರ, ಈ ಕಡಿ ಬರ್ರಿ" ಎಂದು ಜಾಗ ಬಿಡಿಸಿದಳು. ತಿಪ್ಪೇಶ್ ಎದ್ದು ಬಲಗಡೆಗೆ ಬಂದರು.

ನಿವೃತ್ತಿಯ ಬಳಿಕವೂ ಭಾನುವಾರದ ಹಾರಾಟವನ್ನು ನಿಲ್ಲಿಸುವುದಿಲ್ಲವೆಂದು ಶೈಲಜಾ ಅವರು ಮಾತುಕೊಟ್ಟಿದ್ದಾರೆ. ಅವರಿಗೆ ತುಂಬು ಆಯುಷ್ಯವೂ ನಡುಗದ ಕೈಯೂ ಇರಲಿ. ಇನ್ನೂ ಅನೇಕ ಎಂಜಿನ್ನುಗಳು ಅವರ ಕೈಯಲ್ಲಿ ಎಚ್ಚರಗೊಳ್ಳಲಿ. ಮುಂದೆ ನಿಂತ ಅವರಿಗೆ ಎಂದೂ ಹಿಂದಕ್ಕೆ ತಿರುಗಿ ನೋಡುವ ಪ್ರಸಂಗ ಬಾರದಿರಲಿ.